ಕೆನೆಯಿಂದ ಭರಣಿಯವರೆಗೆ: ಮನೆಯಲ್ಲಿ ತುಪ್ಪ ಕಾಯಿಸುವ ಸಮಗ್ರ ಮಾರ್ಗದರ್ಶಿ

ಬೆಣ್ಣೆಯನ್ನು ಒಲೆಯ ಮೇಲಿಟ್ಟರೆ ತುಪ್ಪ ತಾನಾಗಿಯೇ ಆಗುತ್ತದೆ ಎನ್ನುವುದು ಮುಕ್ಕಾಲು ನಿಜ. ಘಮ, ಬಣ್ಣ, ಮರಳು, ಬಾಳಿಕೆ ಎಲ್ಲವೂ ಉಳಿದ ಕಾಲು ಪಾಲಿಗೆ ಸೇರಿದವು, ಮತ್ತು ಆ ಕಾಲು ಪಾಲು ಕಾಯಿಸುವ ಕೊನೆಯ ಮೂರು ನಾಲ್ಕು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಅಲ್ಲಿ ಏನಾಗುತ್ತದೆ ಎಂದು ತಿಳಿದರೆ ಗಡಿಯಾರ ನೋಡಬೇಕಾಗಿಲ್ಲ, ಕಿವಿ ಮತ್ತು ಮೂಗು ಸಾಕು.

ಬೆಣ್ಣೆಯಲ್ಲಿ ಮುಖ್ಯವಾಗಿ ಮೂರು ಪದಾರ್ಥಗಳಿವೆ. ಅಂಗಡಿಯ ಬೆಣ್ಣೆಯಲ್ಲಿ ಕೊಬ್ಬು ಶೇ. 80ರಷ್ಟು, ನೀರು ಶೇ. 16ರ ಆಸುಪಾಸು, ಉಳಿದದ್ದು ಹಾಲಿನ ಪ್ರೋಟೀನು, ಲ್ಯಾಕ್ಟೋಸ್ ಸಕ್ಕರೆ ಮತ್ತು ಲವಣ. ಕಾಯಿಸುವಾಗ ಎರಡು ಕೆಲಸ ನಡೆಯುತ್ತವೆ. ಮೊದಲು ನೀರು ಆವಿಯಾಗಬೇಕು. ಆಮೇಲೆ ತಳಕ್ಕಿಳಿದ ಪ್ರೋಟೀನು ಮತ್ತು ಸಕ್ಕರೆ ಬಿಸಿಗೆ ಒಂದಕ್ಕೊಂದು ಕೂಡಿ ಕಂದುಬಣ್ಣಕ್ಕೆ ತಿರುಗಬೇಕು. ನೀರು ಹೋದ ಕೂಡಲೇ ಇಳಿಸಿ ಸೋಸಿದರೆ ಸಿಗುವುದು ಪಾಶ್ಚಾತ್ಯ ಅಡುಗೆಯ ತಿಳಿಬೆಣ್ಣೆ: ಸ್ವಚ್ಛವಾಗಿರುತ್ತದೆ, ಆದರೆ ಸಪ್ಪೆ. ಗಸಿ ಕೆಂಪಾಗುವವರೆಗೂ ಕಾಯಿಸಿದರೆ ಮಾತ್ರ ಅದು ತುಪ್ಪ.

ಊರು ದಾಟಿದರೆ ಹೆಸರು ಬದಲಾಗುತ್ತದೆ. ಹಿಂದಿಯವರಿಗೆ ಘೀ, ಮರಾಠಿ ಕೊಂಕಣಿಯವರಿಗೆ ತೂಪ್, ತೆಲುಗಿನವರಿಗೆ ನೆಯ್ಯಿ, ತಮಿಳು ಮಲಯಾಳದವರಿಗೆ ನೆಯ್, ಸಂಸ್ಕೃತದಲ್ಲಿ ಘೃತ. ನಮ್ಮ ‘ಬೆಣ್ಣೆ’ ಮತ್ತು ‘ಎಣ್ಣೆ’ಗಳ ಬಾಲದಲ್ಲಿ ಕುಳಿತಿರುವುದೂ ಇದೇ ‘ನೆಯ್’. ಪೊಟ್ಟಣದ ಮೇಲೆ ಯಾವ ಹೆಸರಿದ್ದರೂ ಪದಾರ್ಥಗಳ ಪಟ್ಟಿಯಲ್ಲಿ ಹಾಲಿನ ಕೊಬ್ಬು ಒಂದೇ ಇರಬೇಕು. ವನಸ್ಪತಿ, ಅಂದರೆ ಹಳಬರು ಡಾಲ್ಡಾ ಎನ್ನುವುದು, ಗಟ್ಟಿ ಮಾಡಿದ ಸಸ್ಯದ ಎಣ್ಣೆ. ನೋಟಕ್ಕೆ ತುಪ್ಪದಂತೆ ಕಂಡರೂ ತುಪ್ಪವಲ್ಲ.

ಯಾವ ಹಾಲು, ಎಷ್ಟು ಹಾಲು

ಹಸುವಿನ ತುಪ್ಪ ಹಳದಿ, ಎಮ್ಮೆಯ ತುಪ್ಪ ಬಿಳಿ. ಮೇವಿನಲ್ಲಿರುವ ಕ್ಯಾರೋಟಿನ್ ಹಸುವಿನ ಹಾಲಿನ ಕೊಬ್ಬಿನಲ್ಲಿ ಹಾಗೆಯೇ ಉಳಿಯುತ್ತದೆ. ಎಮ್ಮೆ ಅದನ್ನು ಬಣ್ಣವಿಲ್ಲದ ಎ ಜೀವಸತ್ವವಾಗಿ ಮಾರ್ಪಡಿಸಿಬಿಡುತ್ತದೆ. ಹೀಗಾಗಿ ಬಿಳಿ ತುಪ್ಪ ಎಂದ ಮಾತ್ರಕ್ಕೆ ಕಲಬೆರಕೆ ಎಂದುಕೊಳ್ಳಬೇಡಿ, ಕಡುಹಳದಿ ಎಂದ ಮಾತ್ರಕ್ಕೆ ಶುದ್ಧ ಎಂದೂ ನಂಬಬೇಡಿ. ಎಮ್ಮೆಹಾಲಿನಲ್ಲಿ ಕೊಬ್ಬು ಹೆಚ್ಚು, ಸಾಮಾನ್ಯವಾಗಿ ಶೇ. 6ರಿಂದ 8. ತುಪ್ಪವೂ ಹೆಚ್ಚು ಸಿಗುತ್ತದೆ, ಮರಳೂ ದಪ್ಪಗೆ ಕಟ್ಟುತ್ತದೆ. ಘಮದಲ್ಲಿ ಹಸುವಿನ ತುಪ್ಪಕ್ಕೆ ಒಂದು ಕೈ ಮೇಲು ಎನ್ನುವವರೇ ಹೆಚ್ಚು.

ಪ್ಯಾಕೆಟ್ ಹಾಲಿನಲ್ಲಿ ಕೊಬ್ಬಿನ ಅಂಶ ಕಾನೂನಿನಲ್ಲೇ ಗೊತ್ತುಪಡಿಸಿದೆ: ಟೋನ್ಡ್ ಹಾಲಿಗೆ ಶೇ. 3, ಸ್ಟ್ಯಾಂಡರ್ಡೈಸ್ಡ್ ಹಾಲಿಗೆ ಶೇ. 4.5, ಫುಲ್ ಕ್ರೀಮ್ ಹಾಲಿಗೆ ಶೇ. 6. ಟೋನ್ಡ್ ಹಾಲಿನ ಕೆನೆ ಕೂಡಿಡುವುದು ಬರೀ ಶ್ರಮ. ಇನ್ನೊಂದು ಮಾತು. ಹೋಮೋಜಿನೈಸ್ಡ್ ಎಂದು ಬರೆದಿರುವ ಹಾಲಿನಲ್ಲಿ ಕೊಬ್ಬಿನ ಕಣಗಳನ್ನು ಒಡೆದು ಹಾಲಿನಲ್ಲೇ ಹರಡಿರುತ್ತಾರೆ. ಕೊಬ್ಬು ಶೇ. 6 ಇದ್ದರೂ ಅದರ ಮೇಲೆ ದಪ್ಪ ಕೆನೆ ಕಟ್ಟುವುದಿಲ್ಲ. ಆ ಹಾಲಿಗೆ ಕಾಯುವುದಕ್ಕಿಂತ ಉಪ್ಪಿಲ್ಲದ ಬೆಣ್ಣೆ ಕೊಳ್ಳುವುದೇ ಲೇಸು.

ಲೆಕ್ಕ ಹೀಗೆ. ಅರ್ಧ ಕಿಲೋ ಬೆಣ್ಣೆ ಎಂದರೆ ಸುಮಾರು 400 ಗ್ರಾಂ ಕೊಬ್ಬು. ಫುಲ್ ಕ್ರೀಮ್ ಹಾಲಿನ ಒಂದು ಲೀಟರಿನಲ್ಲಿ 60 ಗ್ರಾಂ ಕೊಬ್ಬಿದೆ. ಅದರಲ್ಲಿ ಅರ್ಧ ಕೆನೆಯಾಗಿ ಕೈಗೆ ಬಂತು ಎಂದುಕೊಂಡರೆ 13ರಿಂದ 14 ಲೀಟರ್ ಹಾಲಿನ ಕೆನೆ ಬೇಕು. ದಿನಕ್ಕೆ ಒಂದು ಲೀಟರ್ ಕೊಳ್ಳುವ ಮನೆಯಲ್ಲಿ ಇದು ಎರಡು ವಾರದ ಕೂಡಿಕೆ.

ಕೆನೆ ಕೂಡಿಡುವುದು, ಹೆಪ್ಪು ಹಾಕುವುದು

ಹಾಲನ್ನು ಕಾಯಿಸಿ, ಉಕ್ಕಿದ ಮೇಲೂ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಇಡಿ. ಮುಚ್ಚದೆ ಆರಿಸಿ, ಆಮೇಲೆ ಆರೇಳು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಕೆನೆ ಚಕ್ಕೆಯಾಗಿ ಎದ್ದುಬರುತ್ತದೆ. ಅದನ್ನು ಮುಚ್ಚಳವಿರುವ ಸ್ಟೀಲ್ ಅಥವಾ ಗಾಜಿನ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ. ಕೆಳಗಿನ ಅರೆಯಲ್ಲಿ ವಾರ ದಾಟಿದ ಕೆನೆ ಕಹಿಯಾಗುತ್ತದೆ, ಆ ಕಹಿಯನ್ನು ಎಷ್ಟು ಕಾಯಿಸಿದರೂ ತೆಗೆಯಲಾಗದು. ಮೊದಲ ದಿನವೇ ಡಬ್ಬಿಗೆ ಒಂದು ಚಮಚ ಮೊಸರು ಹಾಕಿ ಫ್ರಿಜ್ಜಿನಲ್ಲೇ ಕೂಡಿಸುತ್ತಾ ಹೋಗುವ ರೂಢಿ ಹಲವು ಮನೆಗಳಲ್ಲಿದೆ. ಎಂಟು ದಿನದೊಳಗೆ ಕಡೆಯುವುದಾದರೆ ಅದೂ ಸರಿಯೇ. ಆದರೆ ಆ ತಣುವಿನಲ್ಲಿ ಹೆಪ್ಪು ಹೆಚ್ಚೇನೂ ಕೆಲಸ ಮಾಡದು, ಕಡೆಯುವ ಹಿಂದಿನ ರಾತ್ರಿ ಡಬ್ಬಿಯನ್ನು ಹೊರಗಿಡಲೇಬೇಕು.

ಫ್ರೀಜರಿನ ಕೆನೆಯನ್ನು ಪೂರ್ತಿ ಕರಗಿಸಿ, ಬೆರಳು ಅದ್ದಿದರೆ ಹಿತವಾಗುವಷ್ಟು ಉಗುರುಬೆಚ್ಚಗೆ ಮಾಡಿ. ಒಂದು ಲೀಟರ್ ಕೆನೆಗೆ ಎರಡು ದೊಡ್ಡ ಚಮಚ ಹೊಸ ಮೊಸರು ಹಾಕಿ ಚೆನ್ನಾಗಿ ಕಲಸಿ ಮುಚ್ಚಿಡಿ. ಬೇಸಿಗೆಯಲ್ಲಿ ಏಳೆಂಟು ಗಂಟೆ, ಚಳಿಗಾಲದಲ್ಲಿ ಹನ್ನೆರಡು ಗಂಟೆ. ಹುಳಿ ತೆಳುವಾಗಿ ತಿಳಿಯಬೇಕು, ಮೂಗಿಗೆ ಹೊಡೆಯಬಾರದು.

ಹೆಪ್ಪು ಹಾಕದೆಯೂ ಬೆಣ್ಣೆ ಬರುತ್ತದೆ. ಆದರೂ ಈ ಹಂತವನ್ನು ಹಾರಿಸಬಾರದು. ಮೊಸರಿನ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಡೈಅಸಿಟೈಲ್ ಎಂಬ ಸಂಯುಕ್ತವನ್ನು ಉಂಟುಮಾಡುತ್ತವೆ, ಬೆಣ್ಣೆಗೆ ಬೆಣ್ಣೆಯ ವಾಸನೆ ಕೊಡುವುದು ಅದೇ. ಹುಳಿಯ ಕೆನೆ ಬೇಗ ಒಡೆಯುತ್ತದೆ ಕೂಡ, ಮಜ್ಜಿಗೆಗೆ ಸೋರಿಹೋಗುವ ಕೊಬ್ಬು ಕಡಿಮೆ. ಕೆನೆಯನ್ನೇ ನೇರವಾಗಿ ಬಾಣಲೆಗೆ ಸುರಿದು ಕುದಿಸುವ ಅಡ್ಡದಾರಿಯೊಂದಿದೆ. ಅದರಲ್ಲಿ ಹಾಲಿನ ಘನಾಂಶವೆಲ್ಲ ಉಳಿದಿರುವುದರಿಂದ ಗಸಿ ರಾಶಿ ಬೀಳುತ್ತದೆ, ಆ ಗಸಿ ತುಪ್ಪವನ್ನು ಹೀರಿಕೊಂಡು ಕೂರುತ್ತದೆ, ತಳ ಹಿಡಿಯುವುದೂ ಹೆಚ್ಚು. ಸಮಯವೂ ಅಂಥದ್ದೇನೂ ಉಳಿಯುವುದಿಲ್ಲ.

ಕಡೆಯುವುದು

ಇಲ್ಲಿ ಎಲ್ಲವನ್ನೂ ನಿರ್ಧರಿಸುವುದು ತಣುವು. ಹೆಪ್ಪಾದ ಕೆನೆಯನ್ನು ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟು 12ರಿಂದ 14 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ. ಕಡಗೋಲಾದರೆ ಆಳವಾದ ಪಾತ್ರೆ ಬೇಕು. ಮಿಕ್ಸಿಯಾದರೆ ದೊಡ್ಡ ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬದೆ, ಎರಡು ಲೋಟ ಕೆನೆಗೆ ಒಂದು ಲೋಟ ತಣ್ಣೀರು ಹಾಕಿ, ಕಡಿಮೆ ವೇಗದಲ್ಲಿ ಹತ್ತು ಹತ್ತು ಸೆಕೆಂಡಿನಂತೆ ಬಿಟ್ಟು ಬಿಟ್ಟು ತಿರುಗಿಸಿ. ಮೊದಲು ಕೆನೆ ಉಬ್ಬಿ ದಪ್ಪವಾಗುತ್ತದೆ. ಇದ್ದಕ್ಕಿದ್ದಂತೆ ಸದ್ದು ಬದಲಾಗಿ ನೀರು ಎಗರಿದಂತೆ ಕೇಳಿಸಿದರೆ ಬೆಣ್ಣೆ ಒಡೆದಿದೆ. ರಾಗಿ ಕಾಳಿನಷ್ಟು ದಪ್ಪದ ಹರಳುಗಳು ಕಂಡ ಕೂಡಲೇ ನಿಲ್ಲಿಸಿ, ಇನ್ನೂ ತಿರುಗಿಸಿದರೆ ಬೆಣ್ಣೆಯೊಳಗೆ ಮಜ್ಜಿಗೆ ಸಿಕ್ಕಿಕೊಳ್ಳುತ್ತದೆ.

ಎಷ್ಟು ಕಡೆದರೂ ಬೆಣ್ಣೆ ಕೂಡದೆ ಜಿಡ್ಡುಜಿಡ್ಡಾಗಿ ಪಾತ್ರೆಗೆ ಅಂಟುತ್ತಿದ್ದರೆ ಕೆನೆ ಬಿಸಿಯಾಗಿದೆ, ನಾಲ್ಕೈದು ಐಸ್ ತುಂಡು ಹಾಕಿ. ದಪ್ಪ ಕೆನೆಯಾಗಿಯೇ ನಿಂತು ಮುಂದೆ ಹೋಗದಿದ್ದರೆ ಅದು ತೀರಾ ತಣ್ಣಗಿದೆ. ಹತ್ತು ನಿಮಿಷ ಸುಮ್ಮನೆ ಬಿಟ್ಟು ಮತ್ತೆ ಕಡೆಯಿರಿ.

ಬೆಣ್ಣೆಯನ್ನು ಕೈಯಲ್ಲಿ ಒಟ್ಟುಮಾಡಿ ತಣ್ಣೀರಿನಲ್ಲಿ ತೊಳೆಯಿರಿ. ಮೊದಲ ನೀರು ಹಾಲಿನಂತಿರುತ್ತದೆ, ಎರಡನೆಯದು ಮಬ್ಬು, ಮೂರನೆಯದು ಹೆಚ್ಚೂಕಡಿಮೆ ತಿಳಿ. ಅಲ್ಲಿಗೆ ಸಾಕು. ಮಜ್ಜಿಗೆ ಉಳಿದರೆ ಗಸಿ ಹೆಚ್ಚುತ್ತದೆ, ಹುಳಿವಾಸನೆಯೂ ತುಪ್ಪಕ್ಕೆ ಇಳಿಯುತ್ತದೆ. ಹಾಗೆಂದು ಐದಾರು ಬಾರಿ ತೊಳೆದು ಪೂರ್ತಿ ಹಿಂಡಿದರೆ ಕೆಂಪಾಗಲು ಗಸಿಯೇ ಇರುವುದಿಲ್ಲ, ತುಪ್ಪ ಸಪ್ಪೆಯಾಗುತ್ತದೆ. ಕೊನೆಗೆ ಬೆಣ್ಣೆಯನ್ನು ಅಂಗೈಯಲ್ಲಿ ತಟ್ಟಿ ತಟ್ಟಿ ನೀರು ಬಸಿಯಿರಿ. ಆ ದಿನವೇ, ತಪ್ಪಿದರೆ ಮಾರನೆಯ ದಿನ ಕಾಯಿಸಬೇಕು.

ಕಾಯಿಸುವುದು

ಅರ್ಧ ಕಿಲೋ ಬೆಣ್ಣೆಗೆ ಎರಡೂವರೆಯಿಂದ ಮೂರು ಲೀಟರ್ ಹಿಡಿಸುವ ದಪ್ಪ ತಳದ ಸ್ಟೀಲ್ ಪಾತ್ರೆ ಬೇಕು. ಅಷ್ಟು ದೊಡ್ಡದು ಯಾಕೆ ಎನ್ನುವವರು ನೊರೆ ಉಕ್ಕಿ ಒಲೆಗೆ ಬಿದ್ದು ಉರಿ ಹತ್ತಿದ್ದನ್ನು ನೋಡಿಲ್ಲ. ಹಾಗೇನಾದರೂ ಆದರೆ ನೀರು ಸುರಿಯಬಾರದು. ಒಲೆ ಆರಿಸಿ ತಟ್ಟೆ ಮುಚ್ಚಬೇಕು. ಕಲಾಯಿ ಇಲ್ಲದ ತಾಮ್ರ ಹಿತ್ತಾಳೆ ಪಾತ್ರೆ ಬೇಡ, ಲೋಹದ ಅಂಶ ತುಪ್ಪಕ್ಕಿಳಿದರೆ ಬೇಗ ಕಮಟು ಹಿಡಿಯುತ್ತದೆ. ಉಪ್ಪು ಹಾಕಿದ ಟೇಬಲ್ ಬೆಣ್ಣೆಯೂ ಬೇಡ. ಉಪ್ಪು ಕೊಬ್ಬಿನಲ್ಲಿ ಕರಗದೆ ತಳ ಸೇರಿ ಗಸಿಯನ್ನು ತಿನ್ನಲಾರದಷ್ಟು ಉಪ್ಪಾಗಿಸುತ್ತದೆ.

ಬೆಣ್ಣೆಯನ್ನು ತುಂಡು ಮಾಡಿ ಹಾಕಿ, ಸಣ್ಣ ಉರಿಯಲ್ಲಿ ಕರಗಿಸಿ. ಪೂರ್ತಿ ಕರಗಿದ ಮೇಲೆ ಉರಿಯನ್ನು ನಡುಮಟ್ಟಕ್ಕೆ ತನ್ನಿ. ಮುಚ್ಚಳ ಹಾಕಬೇಡಿ, ಓಡಿಸಬೇಕೆಂದಿರುವ ಆವಿಯೇ ಹನಿಯಾಗಿ ಮರಳಿ ಬೀಳುತ್ತದೆ.

ಮೊದಲ ಹತ್ತು ನಿಮಿಷ ಬಿಳಿ ನೊರೆ, ದೊಡ್ಡ ಗುಳ್ಳೆ, ಚಟಪಟ ಸದ್ದು. ಇದು ನೀರಿನ ಕುದಿ. ನೀರಿರುವಷ್ಟು ಹೊತ್ತು ಪಾತ್ರೆಯೊಳಗಿನ ಬಿಸಿ 100 ಡಿಗ್ರಿಯಿಂದ ಹೆಚ್ಚು ಮೇಲೇರದು, ಆದ್ದರಿಂದ ಸೀಯುವ ಭಯವಿಲ್ಲ. ಉಕ್ಕದಂತೆ ಆಗಾಗ ಸೌಟು ಆಡಿಸಿದರಾಯಿತು. ಮೇಲಿನ ನೊರೆ ತೆಗೆದು ಎಸೆಯಬೇಡಿ, ಅದೂ ಪ್ರೋಟೀನೇ. ನೀರು ಹೋದಂತೆ ತಾನೇ ತಳ ಸೇರುತ್ತದೆ.

ಆಮೇಲೆ ಸದ್ದು ಸಣ್ಣದಾಗುತ್ತದೆ. ಗುಳ್ಳೆಗಳು ಕಿರಿದಾಗಿ, ನೊರೆ ಅಡಗಿ, ತಳ ಕಾಣುವಷ್ಟು ದ್ರವ ತಿಳಿಯಾಗುತ್ತದೆ. ಅಲ್ಲಿಂದ ಕೈ ಬಿಟ್ಟು ಕದಲಬಾರದು. ತಡೆಯಲು ನೀರಿಲ್ಲದೆ ಬಿಸಿ ಸರಸರನೆ ಏರುತ್ತದೆ. ಉರಿಯನ್ನು ಅತಿ ಸಣ್ಣದು ಮಾಡಿ, ತಳ ಕೆರೆಯುತ್ತಾ ಗಸಿಯ ಬಣ್ಣ ನೋಡಿ. ಬಿಳಿ ಹೋಗಿ ಕೆನೆಬಣ್ಣ, ಆಮೇಲೆ ಹೊಂಬಣ್ಣ, ಆಮೇಲೆ ತಿಳಿಗಂದು. ಈ ಹೊತ್ತಿಗೆ ಸಣ್ಣ ಗುಳ್ಳೆಗಳ ಎರಡನೇ ನೊರೆ ಮೇಲೇಳುತ್ತದೆ, ಮನೆಯೆಲ್ಲ ಘಮ ಹರಡುತ್ತದೆ. ಥರ್ಮಾಮೀಟರ್ ಇದ್ದವರಿಗೆ: 110 ಡಿಗ್ರಿಯಲ್ಲಿ ಎಳೆ ಹದ, 115ರಿಂದ 118ರಲ್ಲಿ ನಮ್ಮ ಕಡೆಯವರು ಇಷ್ಟಪಡುವ ಹದ. 120 ದಾಟಿದ ಮೇಲೆ ಪ್ರತಿ ನಿಮಿಷವೂ ಅಪಾಯ.

ಗಸಿ ನಿಮಗೆ ಬೇಕಾದ ಬಣ್ಣಕ್ಕೆ ಬರುವ ಒಂದು ಹೆಜ್ಜೆ ಮೊದಲೇ ಒಲೆ ಆರಿಸಿ. ದಪ್ಪ ತಳದಲ್ಲಿರುವ ಬಿಸಿ ಮಿಕ್ಕ ಕೆಲಸ ಮಾಡುತ್ತದೆ. ಹದ ಕೈ ಮೀರುತ್ತಿದೆ ಅನಿಸಿದರೆ ಆ ಕ್ಷಣವೇ ಒಣಗಿದ ತಣ್ಣನೆಯ ಇನ್ನೊಂದು ಸ್ಟೀಲ್ ಪಾತ್ರೆಗೆ ಬಗ್ಗಿಸಿ, ಗಸಿ ಹಿಂದೆ ಉಳಿಯಲಿ. ನೀರು ಚಿಮುಕಿಸಿ ಹದ ನೋಡುವ ಪದ್ಧತಿ ಹಳೆಯದು. ಬಿಸಿ ತುಪ್ಪ ಕೈಗೆ ಮುಖಕ್ಕೆ ಸಿಡಿಯುವುದರಿಂದ ಅದನ್ನು ಬಿಟ್ಟುಬಿಡಿ.

ಎಲೆ, ಕಾಳು, ಸೊಪ್ಪು

ವೀಳ್ಯದೆಲೆ ಹಾಕುವುದು ಬರೀ ಘಮಕ್ಕಲ್ಲ, ಅದು ಹದದ ಅಳತೆಯೂ ಹೌದು. ತೊಳೆದು ಬಟ್ಟೆಯಲ್ಲಿ ಪೂರ್ತಿ ಒರೆಸಿದ ಒಂದು ಎಲೆಯನ್ನು ಎರಡು ತುಂಡು ಮಾಡಿ, ಗಸಿ ಹೊಂಬಣ್ಣಕ್ಕೆ ಬಂದಾಗ ಬಿಡಿ. ಎಲೆಯ ಸಿಡಿತ ನಿಂತು, ಅದು ಹಪ್ಪಳದಂತೆ ಗರಿಗರಿಯಾದರೆ ಎಲೆಯ ನೀರೂ ಹೋಯಿತು, ಹದವೂ ಬಂತು. ಮೆಂತ್ಯ ಹಾಕುವವರು ಎಂಟು ಹತ್ತು ಕಾಳಿಗೆ ನಿಲ್ಲಿಸಬೇಕು, ಅದನ್ನು ಒಲೆ ಆರಿಸಿದ ಮೇಲೆ ಹಾಕಿದರೆ ಸಾಕು. ಕಪ್ಪಾದ ಮೆಂತ್ಯ ಪಾತ್ರೆಯನ್ನೇ ಕಹಿ ಮಾಡುತ್ತದೆ. ನುಗ್ಗೆಸೊಪ್ಪಿನ ವಿಷಯ ಉಲ್ಟಾ: ಒಂದು ಹಿಡಿ ಸೊಪ್ಪಿನಲ್ಲಿ ನೀರು ಬಹಳ, ಆದ್ದರಿಂದ ಉರಿ ಇರುವಾಗಲೇ ಹಾಕಿ ಗರಿಗರಿಯಾಗಿಸಬೇಕು. ಒಲೆ ಆರಿಸಿದ ಮೇಲೆ ಹಾಕಿದರೆ ಅದು ಅರೆಹಸಿಯಾಗಿ ಉಳಿದು ತುಪ್ಪಕ್ಕೆ ತೇವ ಬಿಡುತ್ತದೆ. ಏಲಕ್ಕಿ, ಲವಂಗ ಹಾಕಿದ ತುಪ್ಪ ಸಿಹಿತಿಂಡಿಗೆ ಒಗ್ಗುತ್ತದೆ, ಬಿಸಿ ಸಾರನ್ನಕ್ಕೆ ಒಗ್ಗುವುದಿಲ್ಲ. ಎರಡಕ್ಕೂ ಬೇಕೆಂದರೆ ಬರೀ ತುಪ್ಪವೇ ಚೆನ್ನ.

ಸೋಸುವುದು ಮತ್ತು ಮರಳು ಕಟ್ಟಿಸುವುದು

ಹತ್ತು ಹದಿನೈದು ನಿಮಿಷ ಆರಿದ ಮೇಲೆ ಸಣ್ಣ ಕಣ್ಣಿನ ಸ್ಟೀಲ್ ಜರಡಿಯಲ್ಲೋ ಒಣ ಮಲ್‌ ಬಟ್ಟೆಯಲ್ಲೋ ಸೋಸಿ. ಭರಣಿಯನ್ನು ಮೊದಲೇ ತೊಳೆದು ಬಿಸಿಲಿನಲ್ಲಿ ಒಣಗಿಸಿರಬೇಕು. ತುಪ್ಪ ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ಬೇಡ, ಮೇಲೆ ತೆಳು ಬಟ್ಟೆ ಸಾಕು.

ಅಂಗಡಿಯ ಅರ್ಧ ಕಿಲೋ ಉಪ್ಪಿಲ್ಲದ ಬೆಣ್ಣೆಗೆ 380ರಿಂದ 390 ಗ್ರಾಂ ತುಪ್ಪ ಬರಬೇಕು. ಅಳತೆಯಲ್ಲಿ ಸುಮಾರು 420 ಮಿಲಿಲೀಟರ್, ಯಾಕೆಂದರೆ ತುಪ್ಪ ನೀರಿಗಿಂತ ಹಗುರ. ಮನೆಯ ಬೆಣ್ಣೆಯಲ್ಲಿ ನೀರು ಹೆಚ್ಚಿರುವುದರಿಂದ 330ರಿಂದ 370 ಗ್ರಾಂ ಬಂದರೂ ಏನೂ ತಪ್ಪಿಲ್ಲ.

ಮರಳು ಮರಳಾದ ತುಪ್ಪ ಬೇಕೆಂದರೆ ಅವಸರ ಮಾಡಬಾರದು. ಹಾಲಿನ ಕೊಬ್ಬು ಒಂದೇ ಬಗೆಯದಲ್ಲ, ಕೆಲವು ಭಾಗ ಹೆಚ್ಚು ಬಿಸಿಯಲ್ಲೇ ಗಟ್ಟಿಯಾಗುತ್ತದೆ, ಕೆಲವು ದ್ರವವಾಗಿಯೇ ಉಳಿಯುತ್ತದೆ. ನಿಧಾನವಾಗಿ ಆರಿದರೆ ಮೊದಲ ಬಗೆಯವು ಒಟ್ಟುಗೂಡಿ ದಪ್ಪ ಹರಳಾಗುತ್ತವೆ. 28ರಿಂದ 30 ಡಿಗ್ರಿ ಇರುವ ಮೂಲೆಯಲ್ಲಿ ಒಂದು ದಿನ ಅಲ್ಲಾಡಿಸದೆ ಬಿಡಿ. ಫ್ರಿಜ್ಜಿಗಿಟ್ಟರೆ ಎಲ್ಲವೂ ಒಮ್ಮೆಲೇ ಗಟ್ಟಿಯಾಗಿ ಮೇಣದಂತಾಗುತ್ತದೆ. ಹಾಗಾದ ತುಪ್ಪ ಹಾಳಾಗಿಲ್ಲ. ಮತ್ತೆ ಕರಗಿಸಿ, ಆರುತ್ತಾ ಮಬ್ಬು ಕವಿಯತೊಡಗಿದಾಗ ಹಿಂದಿನ ಮರಳು ತುಪ್ಪದ ಒಂದು ಚಮಚ ಹಾಕಿಟ್ಟರೆ ಹರಳು ಕಟ್ಟುತ್ತದೆ. ಕೆಳಗೆ ಮರಳು, ಮೇಲೆ ಎಣ್ಣೆಯಂತೆ ತಿಳಿ ನಿಂತರೂ ಅದು ದೋಷವಲ್ಲ.

ಕೆಟ್ಟರೆ ಯಾಕೆ ಕೆಟ್ಟಿತು

ಭರಣಿಯ ತಳದಲ್ಲಿ ಮಬ್ಬು ಹನಿಗಳು ಕಂಡರೆ ನೀರು ಉಳಿದಿದೆ. ಇನ್ನೂ ಹುಳಿವಾಸನೆ ಬಂದಿಲ್ಲವಾದರೆ ಮತ್ತೆ ಕಾಯಿಸಿ ಸದ್ದು ನಿಲ್ಲಿಸಿ, ಸರಿಹೋಗುತ್ತದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ತುಪ್ಪದಲ್ಲಿ ತೇವಾಂಶ ಶೇ. 0.5 ಮೀರಬಾರದು ಎಂದು ಮಿತಿ ಇಟ್ಟಿರುವುದು ಸುಮ್ಮನೆ ಅಲ್ಲ. ನೀರಿದ್ದರೆ ಕೊಬ್ಬು ಒಡೆದು ಆಮ್ಲ ಬಿಡುಗಡೆಯಾಗುತ್ತದೆ, ಬೂಷ್ಟು ಹಿಡಿಯಲೂ ಅದೇ ದಾರಿ. ಬೂಷ್ಟು ಕಂಡ ತುಪ್ಪವನ್ನು ಕಾಯಿಸಿ ಉಳಿಸಲು ಹೋಗಬೇಡಿ, ಎಸೆಯಿರಿ.

ಕಮಟು ವಾಸನೆ ಬೇರೆ ಕಾರಣದ್ದು: ಗಾಳಿ, ಬೆಳಕು, ಲೋಹ. ಒಲೆಯ ಪಕ್ಕದ ಪಾರದರ್ಶಕ ಬಾಟಲಿ ತುಪ್ಪಕ್ಕೆ ಅತಿ ಕೆಟ್ಟ ಜಾಗ. ಸೀದ ವಾಸನೆ ಬಂದರೆ ಗಸಿ ಕಪ್ಪಾಗುವವರೆಗೆ ಬಿಟ್ಟಿದ್ದೀರಿ, ಅದಕ್ಕೆ ಪರಿಹಾರವಿಲ್ಲ. ದೀಪಕ್ಕೆ ಬಳಸಿ. ಹುಳಿಹುಳಿ ಎನಿಸಿದರೆ ಬೆಣ್ಣೆ ಹಳೆಯದಾಗಿತ್ತು ಅಥವಾ ಸರಿಯಾಗಿ ತೊಳೆದಿರಲಿಲ್ಲ.

ಚೆನ್ನಾಗಿ ಕಾಯಿಸಿದ ತುಪ್ಪ ಒಣ ಚಮಚ ಬಳಸಿದರೆ ಹೊರಗೇ ಮೂರು ತಿಂಗಳು ನಿಲ್ಲುತ್ತದೆ. ದೊಡ್ಡ ಭರಣಿಯಿಂದ ವಾರಕ್ಕಾಗುವಷ್ಟನ್ನು ಗಿಂಡಿಗೆ ತೆಗೆದುಕೊಳ್ಳುವ ಹಳೆಯ ಅಭ್ಯಾಸ ಇದಕ್ಕಾಗಿಯೇ, ದೊಡ್ಡದನ್ನು ಪದೇ ಪದೇ ತೆರೆಯಬೇಕಾಗುವುದಿಲ್ಲ.

ಕೊಂಡ ತುಪ್ಪದ ಶುದ್ಧತೆಗೆ ಹರಿದಾಡುವ ಮನೆಪರೀಕ್ಷೆಗಳಲ್ಲಿ ಹೆಚ್ಚಿನವು ಉಪಯೋಗಕ್ಕೆ ಬಾರದವು. ಅಂಗೈಯಲ್ಲಿ ಕರಗುವುದು ಶುದ್ಧತೆಗೆ ಸಾಕ್ಷಿಯಲ್ಲ, ಬೇರೆ ಕೊಬ್ಬುಗಳೂ ಕರಗುತ್ತವೆ. ಅಯೋಡಿನ್ ಹನಿ ಹಾಕಿ ನೀಲಿ ಬಂದರೆ ಗೆಣಸು, ಆಲೂಗಡ್ಡೆಯಂಥ ಪಿಷ್ಟ ಬೆರೆತಿದೆ ಎಂದು ತಿಳಿಯುತ್ತದೆ, ಅಷ್ಟೇ. ತಾಳೆ ಎಣ್ಣೆಯನ್ನೋ ಪ್ರಾಣಿಯ ಕೊಬ್ಬನ್ನೋ ಪತ್ತೆಹಚ್ಚಲು ಪ್ರಯೋಗಾಲಯವೇ ಬೇಕು.

ಅಡುಗೆಗೆ ಬಳಸುವಾಗ

ಬೆಣ್ಣೆ ಸುಮಾರು 175 ಡಿಗ್ರಿಗೇ ಹೊಗೆಯಾಡುತ್ತದೆ, ಅದರೊಳಗಿನ ಘನಾಂಶ ಸೀಯುವುದರಿಂದ. ತುಪ್ಪ 230 ಡಿಗ್ರಿಯ ಮೇಲೂ ತಡೆಯುತ್ತದೆ. ಸಾಸಿವೆ, ಜೀರಿಗೆ, ಇಂಗಿನ ಒಗ್ಗರಣೆಗೆ ಅದು ಒಪ್ಪುವುದು ಇದೇ ಗುಣದಿಂದ. ಮೈಸೂರು ಪಾಕಿಗೆ ತುಪ್ಪ ಬಿಸಿಯಾಗಿಯೇ ಇರಬೇಕು, ಕಡಲೆಹಿಟ್ಟಿನ ಪಾಕಕ್ಕೆ ಸ್ವಲ್ಪ ಸ್ವಲ್ಪವಾಗಿ ಸುರಿಯಬೇಕು. ತಣ್ಣನೆಯ ತುಪ್ಪ ಬಿದ್ದರೆ ಗೂಡು ಕಟ್ಟುವುದಿಲ್ಲ. ಚಿರೋಟಿಯ ಸಾಟಿಗೆ ತಿರುಗಾಮುರುಗಾ: ಗಟ್ಟಿ ತುಪ್ಪವನ್ನೇ ಅಕ್ಕಿಹಿಟ್ಟಿನೊಂದಿಗೆ ನಾದಿ ನೊರೆನೊರೆಯಾಗಿಸಬೇಕು, ಕರಗಿದ ತುಪ್ಪದಲ್ಲಿ ಪದರ ಬಿಡಿಸಿಕೊಳ್ಳುವುದಿಲ್ಲ. ಬೆಣ್ಣೆ ಹೇಳಿರುವ ಕೇಕಿಗೆ ತುಪ್ಪ ಹಾಕುವುದಾದರೆ 100 ಗ್ರಾಂ ಬೆಣ್ಣೆಯ ಬದಲು 80 ಗ್ರಾಂ ತುಪ್ಪ ಮತ್ತು ನಾಲ್ಕು ಚಿಕ್ಕ ಚಮಚ ಹಾಲು.

ಹಾಲಿನ ಪ್ರೋಟೀನು ಒಗ್ಗದ ಅಲರ್ಜಿ ಇರುವವರು ತುಪ್ಪವನ್ನು ನಿರಪಾಯ ಎಂದುಕೊಳ್ಳಬಾರದು. ಎಷ್ಟು ಸೋಸಿದರೂ ಪ್ರೋಟೀನಿನ ಅಂಶ ಒಂದಿಷ್ಟು ಉಳಿದಿರಬಹುದು.

ಗಸಿ ಎಸೆಯುವ ವಸ್ತುವಲ್ಲ. ತಿಳಿಗಂದು ಬಣ್ಣದ್ದಾದರೆ ಬೆಲ್ಲದ ಪುಡಿ ಬೆರೆಸಿ ಹಾಗೆಯೇ ತಿನ್ನಬಹುದು, ಚಪಾತಿ ಹಿಟ್ಟಿಗೆ ಕಲಸಬಹುದು. ಗರಿಗರಿ ನುಗ್ಗೆಸೊಪ್ಪು ಇದ್ದರೆ ಉಪ್ಪು ಉದುರಿಸಿ ಬಿಸಿ ಅನ್ನಕ್ಕೆ ಹಾಕಿಕೊಳ್ಳಿ. ಕಾಯಿಸಿದ ಪಾತ್ರೆಯಲ್ಲೇ ಆ ಅನ್ನವನ್ನು ಕಲಸಿದರೆ ಅಂಟಿದ ತುಪ್ಪವೂ ವ್ಯರ್ಥವಾಗದು. ಆಮೇಲೂ ಉಳಿದ ಜಿಡ್ಡನ್ನು ಕಡಲೆಹಿಟ್ಟಿನಿಂದ ಉಜ್ಜಿ ಒರೆಸಿ ತೆಗೆದೇ ಪಾತ್ರೆ ತೊಳೆಯಿರಿ. ಬಿಸಿನೀರು ಸುರಿದು ಸಿಂಕಿಗೆ ಬಿಟ್ಟರೆ ತುಪ್ಪ ಪೈಪಿನೊಳಗೆ ತಣ್ಣಗಾಗಿ ಅಲ್ಲೇ ಗಟ್ಟಿಯಾಗುತ್ತದೆ.